ಕೆಮ್ಮಿಲ್ಲದವಳ ಎದೆಯ ಎಕ್ಸ್‌ರೇ

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ಕೆಮ್ಮಿಲ್ಲ ಎಂಬ ಒಂದೇ ಕಾರಣಕ್ಕೆ ನಿಮ್ಮ ಆಸ್ಪತ್ರೆ ನನ್ನ ಮಗಳ ಎದೆಯ ಎಕ್ಸ್‌ರೇ ತೆಗೆಯಲಿಲ್ಲ. ಇಪ್ಪತ್ತಾರು ವರ್ಷದ ಹೇಮಶ್ರೀ ಮಿದುಳಿನ ಪೊರೆಗೆ ತಗುಲಿದ ಕ್ಷಯದಿಂದ ತೀರಿಕೊಂಡಳು. ಎದೆಗೂ ಮಿದುಳಿಗೂ ಏನು ಸಂಬಂಧ ಎನ್ನುತ್ತೀರಾ? ನಿಮ್ಮ ಎಕ್ಸ್‌ರೇ ಕಿಟಕಿಯಲ್ಲೂ ಅದನ್ನೇ ಕೇಳಿದರು.

ಅವಳು ವಿಶ್ವೇಶ್ವರಪುರಂನ ಶಿಶುವಿಹಾರವೊಂದರಲ್ಲಿ ಟೀಚರ್. ಮೂರು ವಾರ ಜ್ವರ, ತಲೆನೋವು, ವಾಂತಿ. ಕನ್ನಡಕದ ಪವರ್ ಬದಲಾಗಿರಬೇಕು ಎಂದುಕೊಂಡೆವು. ಒಂದು ದಿನ ತನ್ನ ತರಗತಿಯ ಮಕ್ಕಳ ಹೆಸರೇ ನೆನಪಾಗದೆ ಅಳುತ್ತ ಮನೆಗೆ ಬಂದಳು. ತಲೆಯ ಸ್ಕ್ಯಾನಿನಲ್ಲಿ ಏನೂ ಕಾಣದಿದ್ದಾಗ ನಿಮ್ಮ ನರರೋಗ ವೈದ್ಯರೇ ಎದೆಯ ಎಕ್ಸ್‌ರೇಗೆ ಚೀಟಿ ಕೊಟ್ಟರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಚೀಟಿಯಲ್ಲಿ ಕೆಮ್ಮು ಇದೆಯೇ ಎಂಬ ಪ್ರಶ್ನೆಯಿತ್ತು. ಇಲ್ಲ ಎಂದು ನಾನೇ ಬರೆದೆ.

“ತಲೆನೋವಿಗೆ ಎದೆ ಫೋಟೋ ಯಾಕಮ್ಮಾ? ಕೆಮ್ಮಿಲ್ಲ ಅಂದ್ರೆ ತೆಗೆಯಲ್ಲ. ಡಾಕ್ಟ್ರ ಹತ್ರ ಸೀಲ್ ಹಾಕಿಸ್ಕೊಂಡ್ ಬನ್ನಿ,” ಎಂದರು ಕಿಟಕಿಯಲ್ಲಿದ್ದವರು.

ಆ ವೈದ್ಯರು ಮತ್ತೆ ಬರುವುದು ಮುಂದಿನ ಸೋಮವಾರ. ನಿಮ್ಮ ವೇಳಾಪಟ್ಟಿಯ ಒಂದು ಪ್ರತಿಯನ್ನು ರೋಗಕ್ಕೂ ಕಳಿಸಿದ್ದಿರಾ ಸ್ವಾಮಿ? ಅದು ಕಾಯಲಿಲ್ಲ. ಶನಿವಾರವೇ ಅವಳಿಗೆ ಪ್ರಜ್ಞೆ ತಪ್ಪಿತು. ಬೇರೊಂದು ಆಸ್ಪತ್ರೆಗೆ ಒಯ್ದೆವು. ಅಲ್ಲಿನ ಡಾಕ್ಟರಮ್ಮ ಮೊದಲು ತೆಗೆಸಿದ್ದು ಎದೆಯ ಎಕ್ಸ್‌ರೇ. ಎರಡೂ ಶ್ವಾಸಕೋಶದ ತುಂಬ ರಾಗಿ ಚೆಲ್ಲಿದಂತೆ ಚುಕ್ಕೆಗಳು. “ಮಿದುಳಿಗೆ ಟಿಬಿ ಬಂದೋರಲ್ಲಿ ಎಷ್ಟೋ ಜನಕ್ಕೆ ಕೆಮ್ಮೇ ಇರಲ್ಲಮ್ಮ. ಎದೆ ನೋಡಿದ್ರೆ ಕೆಲವ್ರಲ್ಲಿ ಸುಳಿವು ಸಿಗತ್ತೆ,” ಎಂದರು. ಬೆನ್ನುಮೂಳೆಯಿಂದ ನೀರು ತೆಗೆದು ಪರೀಕ್ಷೆಗೆ ಕಳಿಸಿ ಅಂದೇ ಔಷಧಿ ಶುರು ಮಾಡಿದರು. ತಡವಾಗಿತ್ತು. ಹನ್ನೆರಡನೇ ದಿನ ನನ್ನ ಮಗು ಹೋಯಿತು.

ಹೇಳಲೇಬೇಕಾದ ಇನ್ನೊಂದು ಮಾತಿದೆ. ಅಂದು ಸಾಲಿನಲ್ಲಿ ನನ್ನ ಹಿಂದಿದ್ದ ಮುನಿಯಕ್ಕ ಎಂಬಾಕೆ, “ಕೆಮ್ಮು ಐತೆ ಅಂತ ಬರೀರಿ ಅಕ್ಕ, ಎಲ್ರೂ ಹಂಗೇ ಮಾಡೋದು,” ಎಂದು ಕಿವಿಯಲ್ಲಿ ಹೇಳಿದ್ದರು. ನಾನು ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವಳು. ತಪ್ಪು ಮಾಹಿತಿಯ ಅರ್ಜಿಗಳನ್ನು ಮುಲಾಜಿಲ್ಲದೆ ಹಿಂತಿರುಗಿಸಿದವಳು. ಸುಳ್ಳು ಬರೆಯಲಾರೆ ಎಂದೆ. ಹೇಮಶ್ರೀ ನನ್ನ ಭುಜಕ್ಕೆ ಒರಗಿ, “ಬರ್ದ್ಬಿಡಮ್ಮ, ನಿಲ್ಲಕ್ಕಾಗ್ತಿಲ್ಲ,” ಎಂದಳು. ಆದರೂ ಬರೆಯಲಿಲ್ಲ.

ವೈದ್ಯರು ಬರೆದ ಎಕ್ಸ್‌ರೇಯನ್ನು ಕೆಮ್ಮಿಲ್ಲವೆಂದು ತಡೆಯುವ ನಿಯಮವನ್ನು ಈ ವಾರವೇ ರದ್ದು ಮಾಡಿ. ನಿಮ್ಮ ತಪ್ಪು ಒಂದು ಸಹಿಯಿಂದ ಸರಿಹೋಗುತ್ತದೆ. ನನ್ನದನ್ನು ಯಾರ ಹತ್ತಿರ ತೆಗೆದುಕೊಂಡು ಹೋಗಲಿ?

ಇಂತಿ,
ಒಂದು ಸುಳ್ಳು ಹೇಳಲಾರದೆ ಹೋದ ತಾಯಿ,
ಶಕುಂತಲಮ್ಮ
ಬಿನ್ನಿಪೇಟೆ