ಸೇತುವೆ ಯಾವ ಕಡೆ ಇತ್ತು

ಶನಿವಾರ, ಹದಿನಾಲ್ಕು.

ಸಭಿಕರೇ, ಈ ಖಾಲಿ ಕೋಣೆಯ ಮಹಾಸಭಿಕರೇ, ಇಂದಿನ ಯುದ್ಧದಲ್ಲಿ ಸೋತವನು ನಾನು. ಆನ್‌ಲೈನ್ ಆಟದಲ್ಲಿ ನಾನು ಕಥೆ ಹೇಳುತ್ತೇನೆ, ನಾಲ್ವರು ತಮ್ಮ ತಮ್ಮ ಪಾತ್ರವಾಗಿ ಕಾದಾಡುತ್ತಾರೆ. ನಕ್ಷೆ ಯಾಕೆ, ನನ್ನ ಕಂಠವೇ ಸಾಕೆಂದು ಮೂರು ವರ್ಷ ಮೆರೆದೆ.

ಇವತ್ತು ರಾಕ್ಷಸ ಗದೆ ಎತ್ತಿದ. ಬಟ್ಟೆ ಹೊಲಿಯುವ ನನ್ನ ನಾದಿನಿ ಮೂರನೇ ಸಲ ಕೇಳಿದಳು: "ಭಾವ, ಅವನು ನನ್ನಿಂದ ಎಷ್ಟು ಹೆಜ್ಜೆ ದೂರ?"

"ಕಣ್ಮುಚ್ಕೋ ತಾಯಿ, ತಾನಾಗೇ ಕಾಣುತ್ತೆ," ಎಂದೆ. ಉಳಿದವರು ನಕ್ಕರು.

"ಕಣ್ಮುಚ್ಚಿದ್ರೆ ನನಗೆ ಬರೀ ಕತ್ತಲೆ, ಭಾವ. ಮನಸ್ಸಲ್ಲಿ ಯಾವತ್ತೂ ಒಂದು ಚಿತ್ರವೂ ಮೂಡಿಲ್ಲ. ಇಷ್ಟು ದಿನ ಯಾರು ಎಲ್ಲಿದ್ದಾರೆ ಅಂತ ಮೇಜಿನ ಮೇಲೆ ಅಂಗಿ ಗುಂಡಿ ಇಟ್ಕೊಂಡು ಆಡ್ತಿದ್ದೆ. ಎಡಕ್ಕಿದ್ದ ಸೇತುವೆನ ನೀವು ಮಾತಿನ ಭರದಲ್ಲಿ ಬಲಕ್ಕೆ ತಂದ್ರಿ. ಈಗ ಓಡೋಕೆ ದಾರಿಯಿಲ್ಲದೆ ನನ್ನ ಬಿಲ್ಲುಗಾರ್ತಿ ಸಾಯ್ತಾಳೆ. ಇನ್ಮೇಲೆ ನನ್ನ ಬಿಟ್ಟು ಆಡಿ."

ಕರೆ ಕಡಿದಳು. ಸೇತುವೆ ಯಾವ ಕಡೆ ಇತ್ತೆಂದು ನನಗೇ ನೆನಪಿಲ್ಲ. ನಾನು ಗುಡುಗಿದಾಗಲೆಲ್ಲ ಅವಳು ಒಬ್ಬಳೇ ಗುಂಡಿ ಸರಿಸುತ್ತ ನನ್ನ ಹಿಂದೆ ಓಡಿ ಬರುತ್ತಿದ್ದಳು. ರಾಕ್ಷಸನ ಏಟು ತಗಲಿತೋ ಇಲ್ಲವೋ ಎಂದು ತೀರ್ಮಾನಿಸುವ ದಾಳವನ್ನು ನಾನಿನ್ನೂ ಉರುಳಿಸಿಲ್ಲ.

ಬೆಳಗ್ಗೆ ಅವಳು ಅಂಗಡಿ ತೆರೆಯುವ ಮುಂಚೆಯೇ ಚೌಕಳಿ ಹಾಳೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತೇನೆ. ಅವಳು ಬೆರಳಿಟ್ಟ ಕಡೆ ಸೇತುವೆ ಬರೆಯುತ್ತೇನೆ, ಅವಳು ಬೆರಳಿಟ್ಟರೆ...