ಗೆಲುವಿಗೊಂದು ಮೊಳ

ಜನವರಿ 5, ಬೆಳಿಗ್ಗೆ 7

ಮೊಣಕಾಲು ನೋವು ಹಾಗೇ ಇದೆ. ಚಹಾ ಆಯಿತು. ಮಗ್ಗದಲ್ಲಿದ್ದ ಸೀರೆ ಮೊನ್ನೆ ಮುಗಿದು ನೇಕಾರರ ಸೊಸೈಟಿಗೆ ಹೋಯಿತು. ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕೂತೆ. ವಯಸ್ಸು ಅರವತ್ತೊಂದಾಯಿತು. ನೇಯದೆ ಕೂತರೆ ಕೈಗೆ ಏನು ಹೇಳಬೇಕೋ ತಿಳಿಯುವುದಿಲ್ಲ.

ನಿನ್ನೆ ರೋಶನಬಿಯ ಗಿರಮಿಟ್ ಅಂಗಡಿಯಲ್ಲಿ ಒಂದೂವರೆ ತಾಸು ವಾದ. ನಮ್ಮ ಕಬಡ್ಡಿ ಟೀಮು, ಕಪ್ಪತ ವಾರಿಯರ್ಸ್, ಈ ಸೀಸನ್‌ನ ಹತ್ತು ಮ್ಯಾಚಿನಲ್ಲಿ ಎಷ್ಟು ಗೆಲ್ಲುತ್ತದೆ ಎಂದು. ಹೋದ ವರ್ಷ ಎರಡು. ಅದರ ಹಿಂದಿನ ವರ್ಷ ಮೂರು. ಎರಡೂ ಸಲ ಲೀಗಿನಲ್ಲಿ ಕೊನೆಯ ಸ್ಥಾನ.

ವಿರೂಪಾಕ್ಷಪ್ಪನದು ಹಳೇ ರಾಗ. ಹತ್ತಿ ವ್ಯಾಪಾರಿ. ನಲವತ್ತು ವರ್ಷದ ಗೆಳೆಯ. ದಿನಾ ಸಂಜೆ ಗದಗಿನಿಂದ ಸ್ಕೂಟರ್ ಹತ್ತಿ ಬೆಟಗೇರಿಗೆ ಬರುವುದೇ ನಮ್ಮ ಹುರುಪಿಗೆ ತಣ್ಣೀರು ಎರಚಲು.

"ಕ್ಯಾಪ್ಟನ್ ನಂದೀಶಂದು ಮೊಣಕಾಲ ಹೋಗೇತಿ. ಆ ಮುಂಡರಗಿ ಹುಡುಗ ವೀರೇಶ ಇನ್ನೂ ಎಳೇ ಸೌತಿಕಾಯಿ. ಕಾರ್ನರ್‌ನಾಗ ಹಿಡಿಯವರ ಇಲ್ಲ. ಎರಡು ಗೆದ್ರ ಹೆಚ್ಚು. ಮೂರನೇದು ಗೆದ್ರ ನಾ ಇಲ್ಲೇ ನಿಂತು ಪೇಢಾ ಹಂಚ್ತೀನಿ," ಎಂದ.

"ಐದು ಗೆಲ್ತಾರ," ಎಂದೆ. ಯಾಕೆ ಐದೋ ಗೊತ್ತಿಲ್ಲ. ಬಾಯಿಗೆ ಬಂತು. ಬಂದದ್ದನ್ನು ಹಿಂದಕ್ಕೆ ನುಂಗುವ ಸ್ವಭಾವ ನನ್ನದಲ್ಲ.

"ಐದು ಗೆದ್ರ ಏನ್ ಕೊಡ್ತೀರಿ, ಅಣ್ಣಾರ?" — ರೋಶನಬಿ, ಬಾಣಲಿಯಿಂದ ಮಿರ್ಚಿ ಎತ್ತುತ್ತಾ.

"ನಂದೀಶಗ ಶಾಲು ನೇಯ್ತೀನಿ. ಒಂದು ಗೆಲುವಿಗೆ ಒಂದು ಮೊಳ. ಐದು ಗೆದ್ರ ಪೂರಾ ಶಾಲು."

ವಿರೂಪಾಕ್ಷಪ್ಪ ಚಹಾ ನೆತ್ತಿಗೇರುವಷ್ಟು ನಕ್ಕ. "ಕೂಸು ಹುಟ್ಟೂಕ್ಕಿಂತ ಮೊದಲ ಕುಲಾವಿ," ಎಂದ.

ಜನವರಿ 6

ಮಗ್ಗಕ್ಕೆ ಶಾಲಿನ ಹಾಸುನೂಲು ಹಾಕಿದೆ. ಕರಿ ಒಡಲು, ಅರಿಶಿಣದ ದಡಿ. ಟೀಮಿನ ಬಣ್ಣ.

ಮಗ ಸುನೀಲ ಪ್ರಿಂಟಿಂಗ್ ಪ್ರೆಸ್ಸಿನ ಕೆಲಸದಿಂದ ಬಂದವನೇ ನೋಡಿದ. ಮುಖ ಸಪ್ಪಗಾಯಿತು. "ಅಪ್ಪಾ, ಸೀರಿ ಮುಗದ ಮ್ಯಾಲ ಕುಣಿ ಮುಚ್ಚಿಸೂಣು ಅಂದಿದ್ವಿ." ಹೌದು, ಅಂದಿದ್ದೆವು. ಅಂದರೆ ಅವನು ಅಂದಿದ್ದ, ನಾನು ಸುಮ್ಮನಿದ್ದೆ. ಕುಣಿ ಮುಚ್ಚಿ, ಫರಸಿ ಕಲ್ಲು ಹಾಕಿ, ಆ ಕೋಣೆ ಸೊಸೆ ಸೀಮಾಳ ಹೊಲಿಗೆ ಮಷೀನಿಗೆ. ಈಗ ಆ ಮಷೀನು ಅಡುಗೆಮನೆ ಬಾಗಿಲಲ್ಲಿದೆ. ಯಾರಾದರೂ ದಾಟುವಾಗಲೆಲ್ಲ ಅವಳು ಎದ್ದು ಅದನ್ನು ಸರಿಸಬೇಕು. ಹೊಲಿಯುವ ಬ್ಲೌಸಿಗೆ ಒಗ್ಗರಣೆ ವಾಸನೆ. ಅವಳು ಕೇಳುವುದು ತಪ್ಪಲ್ಲ. ಅದೇ ನನಗೆ ಸಿಟ್ಟು.

ಮಗ್ಗದ ಕೋಣೆಯಲ್ಲಿ ಕಿಟಕಿ ಕೆಳಗೆ ಜಾಗವೇನೋ ಇದೆ. ಅಲ್ಲಿ ಹೆಂಡತಿ ಯಮನವ್ವನ ನೂಲು ಸುತ್ತುವ ರಾಟಿ ಮತ್ತು ಟ್ರಂಕು. ಅವಳು ಹೋಗಿ ಮೂರು ವರ್ಷ. ಯಾರೂ ಮುಟ್ಟಿಲ್ಲ. ನಾನು ಮುಟ್ಟಗೊಟ್ಟಿಲ್ಲ.

ಊಟಕ್ಕೆ ಕೂತಾಗ ಹೇಳಿಬಿಟ್ಟೆ. "ಸೀಸನ್ ಮುಗಿಯೂತನಕಾ ಬಿಡ್ರಿ. ಐದು ಮೊಳ ಆದ್ರ ಮಗ್ಗ ಇರತೈತಿ. ಆಗಲಿಲ್ಲ ಅಂದ್ರ ಕುಣಿಗೆ ಮೊದಲನೇ ಬುಟ್ಟಿ ಮಣ್ಣು ನಾನ ಹಾಕ್ತೀನಿ."

"ಆ ಟೀಮಿನ ಮ್ಯಾಲ ಮಗ್ಗ ಇಟ್ಟಿ?" ಎಂದ ಸುನೀಲ. ಸೀಮಾ ಇನ್ನೊಂದು ರೊಟ್ಟಿ ಹಾಕಿದಳು.

ಜನವರಿ 12

ಸೋಲು. 24–41. ಎರಡು ಸಲ ಆಲೌಟ್. ಬರೆಯುವುದೇನಿದೆ.

ಜನವರಿ 16

ಸೋಲು. ನಂದೀಶ ಹನ್ನೊಂದು ರೇಡ್ ಮಾಡಿ ಎರಡು ಪಾಯಿಂಟ್ ತಂದ. ವಿರೂಪಾಕ್ಷಪ್ಪ ಅವನನ್ನು ಬೆಂಚಿಗೆ ಕೂರಿಸಿ ವೀರೇಶನನ್ನು ಆಡಿಸಬೇಕು ಎಂದ. ನಾನು ನಂದೀಶನೇ ಇರಲಿ ಎಂದೆ. ಕಾಲು ನೋವಿದ್ದವನಿಗೆ ಕೂತರೆ ಇನ್ನೂ ನೋವು, ನನಗೆ ಗೊತ್ತು. "ನೀ ಆಟಗಾರನ ನೋಡಾಕತ್ತಿಲ್ಲ, ನಿನ್ನ ಮೊಣಕಾಲ ನೋಡಾಕತ್ತಿ," ಎಂದ. ಎದ್ದು ಬಂದೆ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ.

ಜನವರಿ 19, ರಾತ್ರಿ 9

ಗೆದ್ದರು! 35–28. ವೀರೇಶ ಒಬ್ಬನೇ ಹನ್ನೆರಡು. ನಂದೀಶ ಆರು. ರೋಶನಬಿ ಅಂಗಡಿಯ ಟಿವಿ ಮುಂದೆ ಕೂತ ಎಲ್ಲರಿಗೂ ಚಹಾ ಪುಕ್ಕಟೆ ಕೊಟ್ಟಳು.

ಜನವರಿ 20

ಬೆಳಿಗ್ಗೆಯೇ ಕುಣಿಗಿಳಿದೆ. ಕರಿ ನೂಲು ಕಣ್ಣಿಗೆ ತ್ರಾಸು, ಆದರೂ ಕೈ ಓಡಿತು. ಸಂಜೆಗೆ ಮೊಣಕೈ ಊರಿ, ನಡುಬೆರಳಿನ ತುದಿ ಮುಟ್ಟಿದಲ್ಲಿ ದಾರದ ಗುರುತು ಕಟ್ಟಿದೆ. ಒಂದು ಮೊಳ. ನಮ್ಮ ಮನೆಯಲ್ಲಿ ನೇಯುವವನ ಕೈಯೇ ಅಳತೆ. ನಮ್ಮಪ್ಪನೂ ಹಾಗೇ ಅಳೆಯುತ್ತಿದ್ದ.

ಹೊರಗೆ ಹೂವಿನ ಮಾಳವ್ವನ ಜೊತೆ ಸೀಮಾಳ ತಕರಾರು. "ನಿನ್ನ ಮೊಳ ಗಿಡ್ಡ, ಮಾಳವ್ವ." ಮಾಳವ್ವ ಬಿಡುವವಳೇ? "ದೇವರು ಕೊಟ್ಟಷ್ಟ ಕೈ ಐತಿ, ಯವ್ವಾ. ಅದಕ್ಕ ನಾ ಏನ್ ಮಾಡ್ಲಿ?" ಒಳಗೆ ಕೂತು ನಕ್ಕೆ. ಸೀಮಾಳ ಕೈಯೇನು ಉದ್ದವೇ, ಇವಳೂ ಅಷ್ಟೇ ಗಿಡ್ಡಿ.

ಜನವರಿ 25, ಬೆಳಿಗ್ಗೆ

ನಿನ್ನೆ ಸೋತರು. 29–30. ಒಂದೇ ಪಾಯಿಂಟ್.

ಬೆಳಿಗ್ಗೆ ಐದಕ್ಕೇ ಎಚ್ಚರ. ಒಂದು ಪಾಯಿಂಟಿನಲ್ಲಿ ಸೋತದ್ದು ಸೋತಂತೆಯೇ? ಯಾರು ಅಳೆಯುತ್ತಾರೆ? ಹೀಗೇ ಏನೇನೋ. ಕುಣಿಗಿಳಿದು ನೇಯ್ದೆ. ನಾಲ್ಕು ಬೆರಳಷ್ಟು ಬಂತು. ಚೆನ್ನಾಗಿಯೇ ಬಂತು. ಆಮೇಲೆ ಅದನ್ನು ನೋಡಲಾಗಲಿಲ್ಲ.

ಬಿಚ್ಚಿದೆ. ಅಡ್ಡ ಹೊಕ್ಕಿನ ಎಳೆ ಒಂದೊಂದೇ ಹಿಂದಕ್ಕೆ ತೆಗೆದೆ. ನೇಯುವುದಕ್ಕಿಂತ ಬಿಚ್ಚುವುದಕ್ಕೆ ಎರಡು ಪಟ್ಟು ಹೊತ್ತು. ತಲೆ ಎತ್ತಿದರೆ ಬಾಗಿಲಲ್ಲಿ ಸೀಮಾ, ಕೈಯಲ್ಲಿ ಚಹಾ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಚಹಾದ ಮೇಲೆ ಕೆನೆ ಕಟ್ಟಿತ್ತು. ಲೋಟ ಇಟ್ಟು ಹೋದಳು.

ನಾಚಿಕೆಯಾಯಿತು.

ಫೆಬ್ರವರಿ 2

ಎಂಟು ದಿನ ಬರೆದಿಲ್ಲ. ನಡುವೆ ಒಂದು ಮ್ಯಾಚ್, ಅದೂ ಸೋಲು. ರೋಶನಬಿ ಅಂಗಡಿ ಕಡೆ ತಲೆ ಹಾಕಿರಲಿಲ್ಲ. ವಿರೂಪಾಕ್ಷಪ್ಪ ಮನೆಗೇ ಬಂದ. "ಸೋತದ್ದು ಅವರು, ಮಕಾ ಮುಚ್ಚಿಕೊಂಡು ಕೂತಾಂವ ನೀನು. ಏಳ್," ಎಂದು ಸ್ಕೂಟರಿಗೆ ಹತ್ತಿಸಿಕೊಂಡು ಹೋದ.

ಗೆದ್ದರು. 31–27. ಎರಡನೇದು. ನಂದೀಶ ಕಾಲು ಎಳೆಯುತ್ತಲೇ ಒಂಬತ್ತು ಪಾಯಿಂಟ್. "ಇದು ಬಿಸಿಲಾಗಿನ ಮಳಿ, ನಂಬಬ್ಯಾಡ," ಎಂದ ವಿರೂಪಾಕ್ಷಪ್ಪ. ಎನ್ನುತ್ತಾ ಎರಡು ಪ್ಲೇಟ್ ಮಿರ್ಚಿ ತಿಂದ.

ಫೆಬ್ರವರಿ 3

ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಮುಗಿದಿದ್ದವು. ಕೈಯಲ್ಲೇ ಸುತ್ತುತ್ತಾ ಕೂತಿದ್ದೆ. ಸೀಮಾ ಬಂದಳು. "ಮಾವಾರ, ಅತ್ತಿಯವರ ರಾಟಿ ತಗೊಳ್ಲೇನ್ರಿ?"

ಹೂಂ ಎಂದು ತಲೆ ಆಡಿಸಿದೆ. ಸೆರಗಿನಿಂದ ಧೂಳು ಒರೆಸಿ ಕೂತಳು. ಮೊದಲು ನೂಲು ಹರಿಯಿತು, ಮತ್ತೆ ಹರಿಯಿತು. ನಾಲ್ಕನೇ ಕಂಡಿಕೆ ಹೊತ್ತಿಗೆ ಕೈ ಕುದುರಿತು. ಮೂರು ವರ್ಷದ ಮೇಲೆ ಮನೆಯಲ್ಲಿ ರಾಟಿ ಸದ್ದು. ಬೇಡ ಅನಿಸಲಿಲ್ಲ.

"ವೀರೇಶ ಮೊದಲನೇ ಅರ್ಧದಾಗ ಬೋನಸ್ ಯಾಕ ತಗೊಳ್ಳಾಂಗಿಲ್ರಿ?" ಎಂದಳು. ಮ್ಯಾಚ್ ನೋಡುತ್ತಾಳೆ! ಮೊಬೈಲಿನಲ್ಲಿ, ಹೊಲಿಯುತ್ತಾ. ನನಗೆ ಗೊತ್ತೇ ಇರಲಿಲ್ಲ.

ಎರಡು ಮೊಳ.

ಫೆಬ್ರವರಿ 6

ಮೂರನೇದು! ವಿರೂಪಾಕ್ಷಪ್ಪ ತಟ್ಟನೆ ಎದ್ದು ಹೋದ. ಸಿಟ್ಟು ಬಂತೇನೋ ಎಂದುಕೊಂಡೆವು. ಅರ್ಧ ತಾಸಿಗೆ ಪೇಢಾ ಡಬ್ಬಿ ಹಿಡಿದು ಬಂದ. ಎಲ್ಲರಿಗೂ ಹಂಚಿದ, ಮುಖ ಮಾತ್ರ ಹರಳೆಣ್ಣೆ ಕುಡಿದವನದು.

ಫೆಬ್ರವರಿ 11

ಸೋಲು. ಮೂರು ಗೆಲುವು, ಐದು ಸೋಲು. ಇನ್ನೆರಡು ಮ್ಯಾಚ್. ಎರಡೂ ಗೆಲ್ಲಬೇಕು.

ಎಲ್ಲರೂ ಹೋದ ಮೇಲೆ ವಿರೂಪಾಕ್ಷಪ್ಪ ಪಕ್ಕಕ್ಕೆ ಬಂದು ಕೂತ. "ನಾ ಅಂದಂಗ ಆದಾಗೆಲ್ಲ ನನಗೂ ಭಾಳ ತ್ರಾಸ ಆಗತೈತಿ. ಗೊತ್ತೈತೇನ್ ನಿನಗ?" ಎಂದ. ಗೊತ್ತಿರಲಿಲ್ಲ. ಮತ್ತೆ ಯಾಕೆ ಹಾಗನ್ನುತ್ತೀ ಎಂದು ಕೇಳಿದೆ. "ಮೊದಲ ಅಂದುಬಿಟ್ರ ಸೋತಾಗ ಕಮ್ಮಿ ನೋಯ್ತೈತಿ ಅಂತ ತಿಳಕೊಂಡಿದ್ದೆ. ಎಲ್ಲಿ ಕಮ್ಮಿ ಆತು," ಎಂದ.

ಕುಣಿ ಮುಚ್ಚಲು ಸುನೀಲ ಗೌಂಡಿ ಹನಮಪ್ಪನಿಗೆ ಹೇಳಿಟ್ಟಿದ್ದಾನೆ. 24ಕ್ಕೆ ಬರುತ್ತಾನಂತೆ.

ಫೆಬ್ರವರಿ 17

ನಿನ್ನೆ ನಾಲ್ಕನೇ ಗೆಲುವು. ಇಂದು ನಾಲ್ಕನೇ ಮೊಳ. ಸೀಮಾ ಕಂಡಿಕೆ ಸುತ್ತಿದಳು. ಇಬ್ಬರೂ ಐದನೆಯದರ ಮಾತೆತ್ತಲಿಲ್ಲ.

ಫೆಬ್ರವರಿ 22, ರಾತ್ರಿ 9.30

ಟೈ.

ಕೊನೆಯ ರೇಡ್. 31–33, ನಾವು ಹಿಂದೆ. ನಂದೀಶ ಹೋದ. ವಿರೂಪಾಕ್ಷಪ್ಪ ಟಿವಿಗೆ ಬೆನ್ನು ಮಾಡಿ ನಿಂತ. ನಂದೀಶ ಬೋನಸ್ ಗೆರೆ ದಾಟಿದ, ಹಿಂದೆ ಬರುವಾಗ ಬಲಗಡೆಯವನ ಹೆಗಲು ಮುಟ್ಟಿದ. ನಾಲ್ಕು ಜನ ಮೈಮೇಲೆ ಬಿದ್ದರು. ಆ ಮುರುಕು ಮೊಣಕಾಲು ಊರಿ, ಹೊಟ್ಟೆ ಮೇಲೆ ತೆವಳಿ, ನಡುಗೆರೆಗೆ ಬೆರಳು ಹಚ್ಚಿದ. ಎರಡು ಪಾಯಿಂಟ್. 33–33. ಸೈರನ್.

ಕಣ್ಣಲ್ಲಿ ನೀರು ಬಂತು. ಮಿರ್ಚಿ ಹೊಗೆ ಎಂದೆ. ಒಲೆ ಆರಿ ಬಹಳ ಹೊತ್ತಾಗಿತ್ತು.

ಆಮೇಲೆ ವಾದ. ಇಷ್ಟು ದಿನ ಸೋಲನ್ನೇ ಜಪಿಸಿದ ವಿರೂಪಾಕ್ಷಪ್ಪ ಈಗ ಟೈ ಅಂದರೆ ಗೆಲುವೇ ಎಂದು ಹಟ ಹಿಡಿದ. "ಸೋಲಲಿಲ್ಲ ಅಂದ್ರ ಗೆದ್ದಂಗ. ಐದನೇ ಮೊಳ ನೇಯಿ, ಯಾರ್ ಕೇಳ್ತಾರ ನೋಡೂಣು." ರೋಶನಬಿಯ ಕಡೆ ನೋಡಿದೆ. ಅವಳು ನೆಲ ನೋಡುತ್ತಾ, "ಟೈ ಅಂದ್ರ ಅರ್ಧರಿ, ಅಣ್ಣಾರ," ಎಂದಳು. ಹೌದು. ಅರ್ಧ. ನಾನೂ ಹಾಗೇ ಅಂದೆ.

ಫೆಬ್ರವರಿ 23

ಅರ್ಧ ಮೊಳ ನೇಯ್ದೆ. ಒಂದೆಳೆ ಹೆಚ್ಚಿಲ್ಲ. ಕೊಯ್ದು ಮಗ್ಗದಿಂದ ಇಳಿಸಿದೆ. ಮಡಚಿ ಇಟ್ಟೆ. ನಾಲ್ಕೂವರೆ ಮೊಳ.

ಲಾಳಿ ಒರೆಸಿ ಗೂಡಿನಲ್ಲಿ ಇಟ್ಟೆ. ಮಣ್ಣಿನ ಬುಟ್ಟಿ ಎಲ್ಲಿದೆ ಎಂದು ಸುನೀಲನನ್ನು ಕೇಳಿದೆ. ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಫೆಬ್ರವರಿ 24, ಮಧ್ಯಾಹ್ನ

ಆದದ್ದು ಆದಂತೆ ಬರೆಯಬೇಕು.

ಎಂಟಕ್ಕೆ ಹನಮಪ್ಪ ಬಂದ. ಅಂಗಳದಲ್ಲಿ ಗರಸು ಮಣ್ಣಿನ ರಾಶಿ. ಮೊದಲ ಬುಟ್ಟಿ ತುಂಬಿ ಎತ್ತಿದೆ. ಕುಣಿಯ ಅಂಚಿಗೆ ಬಂದಾಗ ಸೀಮಾ ಅಡ್ಡ ನಿಂತಳು. "ಶಾಲು ಅಳದ್ರೇನು?"

"ನಾಲ್ಕೂವರಿ. ಗೊತ್ತ ಐತೆಲ್ಲ," ಎಂದ ಸುನೀಲ.

ಅವಳು ಕೇಳಿಸಿಕೊಳ್ಳಲಿಲ್ಲ. ಶಾಲು ತಂದು ನೆಲಕ್ಕೆ ಹಾಸಿದಳು. ಬಳೆ ಹಿಂದೆ ಸರಿಸಿ, ಮೊಣಕೈ ಊರಿ ಅಳೆಯತೊಡಗಿದಳು. ತನ್ನ ಕೈಯಿಂದ. ಒಂದು. ಎರಡು. ಮೂರು. ನಾಲ್ಕು. ಐದು.

"ಐದು. ಮ್ಯಾಲ ಒಂದು ಬೆರಳು ಉಳೀತು," ಎಂದಳು.

"ಇದು ಮೋಸ," ಎಂದ ಸುನೀಲ.

"ಮಾಳವ್ವನ ಮೊಳದ್ದು ಹೂ ದಿನಾ ತಗೋತೀರಿ. ನನ್ನ ಮೊಳ ಯಾಕ ಬ್ಯಾಡ? ಯಾರ ಮೊಳ ಅಂತ ಅವತ್ತ ಊಟದಾಗ ಯಾರರೆ ಅಂದಿದ್ರೇನು?"

ಯಾರೂ ಅಂದಿರಲಿಲ್ಲ. ಹನಮಪ್ಪ ಮುಖ ತಿರುಗಿಸಿ ನಗುತ್ತಿದ್ದ.

ಬುಟ್ಟಿ ಇನ್ನೂ ನನ್ನ ಕೈಯಲ್ಲೇ. "ಬ್ಯಾಡವ್ವ ಸೀಮಾ. ನೇದಾಂವ ನಾನು. ಮೊಳ ನಂದ," ಎಂದೆ.

"ನಾಕ್ ಬೆರಳು ನೇದು ನೀವ ಬಿಚ್ಚಿದ್ರಿ, ಮಾವಾರ. ನಾ ನೋಡೀನಿ. ಅವತ್ತ ಬಿಚ್ಚದ ಇದ್ರ ಇವತ್ತ ನಾ ಅಳೀತಿದ್ದಿಲ್ಲ." ಬುಟ್ಟಿಯನ್ನು ನನ್ನ ಕೈಯಿಂದ ತೆಗೆದು ಕೆಳಗಿಟ್ಟಳು. "ಕಿಟಕಿ ಕೆಳಗಿಂದೂ ಅಳದೀನಿ. ಟ್ರಂಕ್ ಎತ್ತಿದ್ರ ಮಷೀನ್ ಕುಂಡ್ರತೈತಿ. ರಾಟಿ ಇರ್ಲಿ."

ಎಲ್ಲರೂ ನನ್ನನ್ನೇ ನೋಡಿದರು. ಟ್ರಂಕಿನ ಒಂದು ಹಿಡಿ ನಾನು ಹಿಡಿದೆ, ಇನ್ನೊಂದು ಸುನೀಲ. ಹಗುರವಿತ್ತು. ಒಳಗೆ ಎರಡು ಸೀರೆ, ಒಂದು ಮುರಿದ ಕನ್ನಡಕ, ಅಷ್ಟೇ. ಮೂರು ವರ್ಷ ಇದಕ್ಕೆ ನಾನು ಕಾವಲು ಕೂತಿದ್ದೆ.

ಗರಸು ಅಂಗಳದ ತಗ್ಗಿಗೆ ಹಾಕಿಸಿದೆವು. ಹನಮಪ್ಪ ಊಟ ಮಾಡಿಕೊಂಡು ಹೋದ.

ಫೆಬ್ರವರಿ 27, ಸಂಜೆ

ನಿನ್ನೆ ವಿರೂಪಾಕ್ಷಪ್ಪನ ಸ್ಕೂಟರಿನಲ್ಲಿ ಶಿಗ್ಲಿಗೆ, ನಂದೀಶನ ಮನೆಗೆ ಹೋಗಿ, ಅವನಿಗೆ ಶಾಲು ಹೊದಿಸಿ ಬಂದೆವು. ಮಂಚದ ಮೇಲೆ ಕಾಲು ಚಾಚಿ ಕೂತಿದ್ದ. ಮೊಣಕಾಲು ಕುಂಬಳದಷ್ಟು ಬಾತಿದೆ. ಶಾಲು ಹೊದ್ದವನು, "ಸಣ್ಣದಾತಲ್ರಿ, ಕಾಕಾ," ಎಂದ. ವಿರೂಪಾಕ್ಷಪ್ಪ ನಕ್ಕೂ ನಕ್ಕೂ ಕೆಮ್ಮಿದ. ಮುಂದಿನ ಸೀಸನ್ ಆಡುತ್ತಾನಂತೆ. ಡಾಕ್ಟರು ಬೇಡ ಅಂದಿದ್ದಾರಂತೆ.

ಇಂದು ರೋಶನಬಿ ಅಂಗಡಿಯಲ್ಲಿ ಆಗಲೇ ಶುರು. ಮುಂದಿನ ಸಲ ಎಷ್ಟು? ವಿರೂಪಾಕ್ಷಪ್ಪ ಮೂರು ಎಂದ. ಅವನ ಬಾಯಿಂದ ಮೂರು! ನಾನು ಆರು ಎಂದೆ.

ಸೊಸೈಟಿಯಿಂದ ಸೀರೆ ನೂಲು ಬಂದಿದೆ. ಹೊಸ ಹಾಸು ಕೆಚ್ಚಬೇಕು, ಹಳೆಯ ಎಳೆಯ ತುದಿಗೆ ಹೊಸದು ಒಂದೊಂದೇ ಹೊಸೆಯುವುದು. ಎರಡು ದಿನದ ಕೆಲಸ. ಕಿಟಕಿ ಕೆಳಗೆ ಮಷೀನಿನ ಸದ್ದು ನಿಂತಿತು. "ಬರ್ರಿ ಮಾವಾರ, ಎಳಿ ಹಿಡೀತೀನಿ," ಎಂದು ಕರೆಯುತ್ತಿದ್ದಾಳೆ. ಬರೆಯುವುದು ಆಮೇಲೆ. ಆದರೆ ಈ ಸಲ ಯಾರ ಮೊಳ ಎಂದು ಮೊದಲೇ —