ಅಣ್ಣನಿಗೆ ಬೇಡವಾದ ದ್ರಾಕ್ಷಿ ಚಪ್ಪರ

ಜೂನ್ ೮, ಭಾನುವಾರ

ಅಣ್ಣನ ಮಾತು ತಲೆಯಿಂದ ಹೋಗುತ್ತಿಲ್ಲ. ಹಿತ್ತಲಲ್ಲಿ ಕಬ್ಬಿಣದ ಕಂಬ ನೆಡಿಸಿ ದ್ರಾಕ್ಷಿ ಚಪ್ಪರ ಹಾಕಿಸೋಣ ಎಂದೆ.

"ನೆಲ ಯಾಕೆ ಅಗೀತೀಯಾ? ಕುಂಡದಲ್ಲಿ ಬೀನ್ಸ್ ಹಾಕು, ಕೋಲು ಸಿಗಿಸಿದ್ರೆ ಸಾಕು" ಎಂದ.

ದ್ರಾಕ್ಷಿ ಫಲ ಕೊಡಲು ವರ್ಷಗಳು ಬೇಕು. ಕುಂಡವನ್ನಾದರೆ ಹೊತ್ತುಕೊಂಡು ಮನೆ ಬಿಡಬಹುದು. ಮೊನ್ನೆ ಟೇಪು ಹಿಡಿದು ಹಿತ್ತಲು ಅಳೆದವನನ್ನು ಅಣ್ಣ ತನ್ನ ಸ್ನೇಹಿತ ಎಂದಿದ್ದ. ಆ ಸ್ನೇಹಿತನಿಗೆ ಒಂದು ಲೋಟ ಕಾಫಿಯನ್ನೂ ಕೊಡಲಿಲ್ಲ.

ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. "ಅಪ್ಪನ ಮನೆ ಮಾರ್ತಿದ್ದೀಯಾ?"

ಅತ್ತಿಗೆ ತಟ್ಟೆಯಿಂದ ತಲೆ ಎತ್ತಲಿಲ್ಲ. ಅಣ್ಣ ನೀರು ಕುಡಿದ. "ನಿಂಗೆ ಎಲ್ಲದರಲ್ಲೂ ಅನುಮಾನ" ಎಂದ.

ಇಲ್ಲ ಎಂದು ಮಾತ್ರ ಹೇಳಲಿಲ್ಲ.

ಮನೆಯಲ್ಲಿ ನನಗೂ ಅರ್ಧ ಪಾಲಿದೆ. ನಾಳೆಯೇ ವೆಲ್ಡರನ್ನು ಕರೆಸಿ, ಕಂಬಗಳ ಬುಡಕ್ಕೆ ಕಾಂಕ್ರೀಟ್ ಸುರಿಸುತ್ತೇನೆ. ಅಣ್ಣ ತಡೆಯಲು ಬಂದರೆ, ಮಾರುತ್ತಿದ್ದಾನೆ ಎಂಬುದಕ್ಕೆ ಅದೇ ಉತ್ತರ. ಬಾರದಿದ್ದರೆ, ಸುಮ್ಮನೆ ನೋಡುತ್ತ ನಿಂತರೆ, ನನ್ನ ಅನುಮಾನವೇ ತಪ್ಪು ಎಂದುಕೊಳ್ಳಲೋ, ಮಾರುವ ಮಾತು ಆಗಲೇ ಮುಗಿದಿದೆ ಎಂದುಕೊಳ್ಳಲೋ?